ಯುರೋಪಿನಲ್ಲಿ ಕಾಲ್ನಡಿಗೆ ಪ್ರವಾಸ: ಮೊದಲು ಎತ್ತರ, ಆಮೇಲೆ ತಿಂಗಳು, ಕೊನೆಗೆ ಟಿಕೆಟ್

ಮಕ್ಕಳಿಗೆ ಏಪ್ರಿಲ್-ಮೇ ರಜೆ. ಸ್ವಿಟ್ಜರ್ಲೆಂಡಿನ ಬೆಟ್ಟಗಳ ಮೇಲೆ ನಾಲ್ಕು ದಿನ ನಡೆಯಬೇಕು ಅನ್ನುವ ಆಸೆ. ವಿಮಾನದ ಟಿಕೆಟ್ ಆಗುತ್ತದೆ, ಹೋಟೆಲ್ ಆಗುತ್ತದೆ. ಅಲ್ಲಿಗೆ ಹೋದ ಮೇಲೆ ನೋಡಿದರೆ ಕೇಬಲ್ ಕಾರ್ ರಿಪೇರಿಗೆ ನಿಂತಿದೆ, ದಾರಿಯ ಮೇಲಿನ ಅರ್ಧ ಹಿಮದ ಕೆಳಗಿದೆ, ಹಳ್ಳಿಯ ಹೋಟೆಲ್‌ಗಳಲ್ಲಿ ಹಲವಕ್ಕೆ ಬೀಗ. ಇನ್ನು ಕೆಲವರು ಆಗಸ್ಟಿನಲ್ಲಿ ಸ್ಪೇನಿನ ಬಯಲಿಗೆ ಹೋಗಿ ಬಿಸಿಲಲ್ಲಿ ಬೇಯುತ್ತಾರೆ.

‘ಯುರೋಪಿಗೆ ಯಾವ ತಿಂಗಳು ಒಳ್ಳೆಯದು?’ ಅನ್ನುವ ಪ್ರಶ್ನೆಯಿಂದ ಶುರು ಮಾಡಿದರೆ ಹೀಗೇ ಆಗುವುದು. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಗ್ರೀಸಿನ ಕ್ರೀಟ್ ದ್ವೀಪಕ್ಕೆ ಸರಿಯಾದ ತಿಂಗಳು ನಾರ್ವೆಗೆ ತಪ್ಪು. ಒಂದೇ ಕಣಿವೆಯಲ್ಲಿ ಕೆಳಗಿನ ದಾರಿಗೆ ಸರಿಯಾದ ತಿಂಗಳು ಮೇಲಿನ ದಾರಿಗೆ ತಪ್ಪು. ಹಾಗಾಗಿ ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಟಿಕೆಟ್ ಬುಕ್ ಮಾಡುವುದು ಕೊನೆಯ ಕೆಲಸ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದ್ದು

ಎತ್ತರದ ಗೆರೆಗಳನ್ನು ತೋರಿಸುವ ನಕ್ಷೆ ಬೇಕೇ ಬೇಕು. ಗೂಗಲ್ ಮ್ಯಾಪ್ಸ್ ಈ ಕೆಲಸಕ್ಕೆ ಸಾಲದು. ಕೊಮೂಟ್, ಮ್ಯಾಪಿ ತರಹದ ಆ್ಯಪ್‌ಗಳು ದಾರಿಯ ಏರಿಳಿತವನ್ನು ಚಿತ್ರವಾಗಿ ತೋರಿಸುತ್ತವೆ. ಸ್ವಿಟ್ಜರ್ಲೆಂಡಿಗೆ ಅಲ್ಲಿನ ಸರ್ಕಾರದ ಸ್ವಿಸ್‌ಟೋಪೋ ಆ್ಯಪ್ ಉಚಿತ. ಅದರಲ್ಲಿ ಮುಚ್ಚಿರುವ ಕಾಲುದಾರಿಗಳೂ ಕಾಣುತ್ತವೆ.

ಎರಡನೆಯದು ವೆಬ್‌ಕ್ಯಾಮ್. ಕೇಬಲ್ ಕಾರ್ ಕಂಪನಿಗಳು, ಸ್ಕೀ ಊರುಗಳು ಬೆಟ್ಟದ ತುದಿಯಲ್ಲಿ ಕ್ಯಾಮೆರಾ ಇಟ್ಟಿರುತ್ತವೆ. ಕೆಲವದರಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನೂ ತಾರೀಖು ಹಾಕಿ ನೋಡಬಹುದು. ನೀವು ಹೋಗಬೇಕೆಂದಿರುವ ವಾರದಲ್ಲಿ ಕಳೆದ ಮೂರು ವರ್ಷ ಆ ಜಾಗ ಹೇಗಿತ್ತು ಎಂದು ಕಣ್ಣಾರೆ ನೋಡಿ. ಹತ್ತು ಲೇಖನ ಓದುವುದಕ್ಕಿಂತ ಇದೇ ಮೇಲು.

ಇದರ ಜೊತೆಗೆ ಆಯಾ ದೇಶದ ಹವಾಮಾನ ಇಲಾಖೆಯ ಪುಟ, ಸೂರ್ಯೋದಯ-ಸೂರ್ಯಾಸ್ತದ ಪಟ್ಟಿ, ಬರೆದುಕೊಳ್ಳಲು ಒಂದು ಹಾಳೆ. ಅಷ್ಟೇ.

ಹಂತ 1: ಬದಲಾಯಿಸಲು ಆಗದ್ದು ಯಾವುದು ಎಂದು ಬರೆಯಿರಿ

ನಿಮಗೆ ತಿಂಗಳು ಗಟ್ಟಿಯೋ, ಜಾಗ ಗಟ್ಟಿಯೋ? ಎರಡರಲ್ಲಿ ಒಂದನ್ನು ಮಾತ್ರ ಆರಿಸಿ. ‘ಮೇನಲ್ಲೇ ಹೋಗಬೇಕು, ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರದ ಸುತ್ತಲೇ ನಡೆಯಬೇಕು’ ಎಂದು ಎರಡನ್ನೂ ಹಿಡಿದುಕೊಂಡು ಕೂತರೆ ಮುಂದಿನ ಹಂತಗಳು ಯಾವುದೂ ನಿಮ್ಮನ್ನು ಕಾಪಾಡುವುದಿಲ್ಲ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಸಾಮಾನ್ಯವಾಗಿ ತಿಂಗಳೇ ಗಟ್ಟಿ: ಬೇಸಿಗೆ ರಜೆ ಇಲ್ಲವೇ ದಸರಾ ರಜೆ. ಅಂಥವರು ತಿಂಗಳಿಗೆ ಹೊಂದುವ ಜಾಗ ಹುಡುಕಬೇಕು. ರಜೆ ತಮ್ಮ ಕೈಯಲ್ಲೇ ಇರುವವರು ಜಾಗಕ್ಕೆ ಹೊಂದುವ ತಿಂಗಳು ಹುಡುಕಲಿ.

ಹಂತ 2: ದಾರಿಯ ಅತಿ ಎತ್ತರದ ಜಾಗ ಹುಡುಕಿ

ಹೆಚ್ಚಿನವರು ಎಡವುವುದು ಇಲ್ಲೇ. ‘ಮೇನಲ್ಲಿ ಸ್ವಿಟ್ಜರ್ಲೆಂಡ್ ಹವಾಮಾನ’ ಎಂದು ಹುಡುಕಿದರೆ ಸಿಗುವುದು ಜ್ಯೂರಿಕ್ ಲೆಕ್ಕ. ಜ್ಯೂರಿಕ್ ಇರುವುದು ಸುಮಾರು 400 ಮೀಟರ್ ಎತ್ತರದಲ್ಲಿ. ನೀವು ನಡೆಯಬೇಕೆಂದಿರುವುದು 2,200 ಮೀಟರಿನಲ್ಲಿ.

ಪ್ರತಿ 1,000 ಮೀಟರ್ ಏರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. 600 ಮೀಟರಿನ ಹಳ್ಳಿಯಲ್ಲಿ 20 ಡಿಗ್ರಿ ಇದ್ದರೆ 2,600 ಮೀಟರಿನ ಪಾಸ್‌ನಲ್ಲಿ 7 ಡಿಗ್ರಿ. ಗಾಳಿ ಬೀಸಿದರೆ ಮೈಗೆ ಇನ್ನೂ ತಣ್ಣಗೆ. ಪಾಸ್ ಅಂದರೆ ಎರಡು ಶಿಖರಗಳ ನಡುವೆ ಬೆಟ್ಟ ದಾಟುವ ತಗ್ಗು. ದಾರಿಯ ಅತಿ ಎತ್ತರದ ಜಾಗ ಹೆಚ್ಚಾಗಿ ಅದೇ ಆಗಿರುತ್ತದೆ.

ಮುಳ್ಳಯ್ಯನಗಿರಿ ಹತ್ತಿದವರಿಗೆ 1,900 ಮೀಟರ್ ಅಂದರೆ ತಂಪು ಗಾಳಿ, ಮಂಜು, ಹುಲ್ಲು. ಆಲ್ಪ್ಸ್‌ನಲ್ಲಿ ಅದೇ ಎತ್ತರದ ಉತ್ತರ ಇಳಿಜಾರಿನಲ್ಲಿ ಮೇ ಕೊನೆಯಲ್ಲೂ ಹಿಮ ಕೂತಿರಬಹುದು. ನಮ್ಮ ಬೆಟ್ಟಗಳ ಅನುಭವವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ.

ಆಲ್ಪ್ಸ್‌ಗೆ ಒಂದು ಅಂದಾಜು ಲೆಕ್ಕ ಇಟ್ಟುಕೊಳ್ಳಿ. ದಾರಿಯ ಅತಿ ಎತ್ತರ 1,000 ಮೀಟರಿನೊಳಗಿದ್ದರೆ ಏಪ್ರಿಲಿನಿಂದ ಅಕ್ಟೋಬರ್ ತನಕ ನಡೆಯಬಹುದು. 1,800ರ ತನಕ ಮೇ ಕೊನೆಯಿಂದ ಅಕ್ಟೋಬರ್. 2,300ರ ತನಕ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆ. ಅದಕ್ಕೂ ಮೇಲೆ ಹೋದರೆ ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ. ಹಿಮ ಜಾಸ್ತಿ ಬಿದ್ದ ವರ್ಷ ಶುರುವಿನ ತಾರೀಖು ಎರಡು-ಮೂರು ವಾರ ಮುಂದಕ್ಕೆ ಹೋಗುತ್ತದೆ. ಬಿಸಿಲಿಗೆ ಮುಖ ಮಾಡಿದ ದಕ್ಷಿಣ ಇಳಿಜಾರು ಬೇಗ ಕರಗುತ್ತದೆ, ಉತ್ತರದ್ದು ತಡ.

ಉದಾಹರಣೆಗೆ ಟೂರ್ ಡು ಮಾಂಟ್ ಬ್ಲಾಂಕ್. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಮುಟ್ಟುವ ಸುಮಾರು 170 ಕಿ.ಮೀ. ದಾರಿ. ಇದರಲ್ಲಿ ಕೋಲ್ ದ ಲಾ ಸೇನ್ಯ ಪಾಸ್ 2,516 ಮೀಟರ್, ಗ್ರಾಂಡ್ ಕೋಲ್ ಫೆರೆ ಪಾಸ್ 2,537 ಮೀಟರ್. ಜೂನ್ ಮಧ್ಯದಲ್ಲಿ ಹೊರಟವರಿಗೆ ಇವೆರಡರ ಮೇಲೂ ಹಿಮ ಸಿಗುವುದು ಮಾಮೂಲು.

‘ಸ್ವಲ್ಪ ಹಿಮ ಇದ್ದರೆ ಏನಾಯಿತು, ಫೋಟೊಗೆ ಚೆನ್ನಾಗಿರುತ್ತೆ ಅಲ್ವಾ?’ ಅನ್ನುವವರಿದ್ದಾರೆ. ಹಳೆಯ ಹಿಮ ಬೆಳಿಗ್ಗೆ ಕಲ್ಲಿನಂತೆ ಗಟ್ಟಿ. ಇಳಿಜಾರಿನಲ್ಲಿ ಜಾರಿದರೆ ನಿಲ್ಲಲು ಹಿಡಿತ ಸಿಗುವುದಿಲ್ಲ. ಮಧ್ಯಾಹ್ನ ಅದೇ ಹಿಮ ಮೆತ್ತಗಾಗಿ ಕಾಲು ಮೊಣಕಾಲಿನವರೆಗೆ ಇಳಿಯುತ್ತದೆ. ಕೆಳಗೆ ತೊರೆ ಹರಿಯುತ್ತಿದ್ದರೆ ಮೇಲಿನ ಪದರ ತೆಳುವಾಗಿರುತ್ತದೆ. ದಾರಿಯ ಬಣ್ಣದ ಗುರುತುಗಳು ಮುಚ್ಚಿಹೋಗಿರುತ್ತವೆ. ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳು, ಹಿಮಗೊಡಲಿ ಬಳಸಿ ಅಭ್ಯಾಸ ಇಲ್ಲದವರಿಗೆ ಇದು ಆಟವಲ್ಲ.

ಹಂತ 3: ಯಾವ ಯುರೋಪು ಎಂದು ಗೊತ್ತು ಮಾಡಿಕೊಳ್ಳಿ

ಎತ್ತರ ಆದ ಮೇಲೆ ಪ್ರದೇಶ. ನಡಿಗೆಯ ಲೆಕ್ಕಕ್ಕೆ ಯುರೋಪನ್ನು ನಾಲ್ಕು ತುಂಡಾಗಿ ನೋಡಿದರೆ ಸಾಕು.

ಮೆಡಿಟರೇನಿಯನ್ ತೀರ. ಇಲ್ಲಿ ಮಳೆಯ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. ಚಳಿಗಾಲದಲ್ಲಿ ಮಳೆ, ಬೇಸಿಗೆ (ಯುರೋಪಿನಲ್ಲಿ ಅದು ಜೂನ್‌ನಿಂದ ಆಗಸ್ಟ್) ಒಣ. ಮಾರ್ಚ್ ಕೊನೆಯಿಂದ ಜೂನ್ ಮೊದಲ ವಾರ, ಮತ್ತೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಒಳ್ಳೆಯ ಕಾಲ. ಸ್ಪೇನಿನ ಮಯೋರ್ಕಾ ದ್ವೀಪದ ಜಿಆರ್ 221 ಕಾಲುದಾರಿ, ಅಮಾಲ್ಫಿ ತೀರದ ‘ದೇವತೆಗಳ ದಾರಿ’, ಇಟಲಿಯ ಚಿಂಕ್ವೆ ತೆರ್ರೆ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಕ್ರೀಟ್‌ನ ಸಮಾರಿಯಾ ಕಮರಿ ಸಾಮಾನ್ಯವಾಗಿ ಮೇ ಮೊದಲಿಗೆ ತೆರೆದು ಅಕ್ಟೋಬರ್ ಕೊನೆಗೆ ಮುಚ್ಚುತ್ತದೆ. ಮಳೆ ಬಂದ ದಿನ ನಡುವೆಯೂ ಮುಚ್ಚುತ್ತಾರೆ.

ಜುಲೈ-ಆಗಸ್ಟಿನಲ್ಲಿ ಇಲ್ಲಿ ಬಿಸಿಲಿನ ಜೊತೆ ಕಾಡ್ಗಿಚ್ಚಿನ ಭಯವೂ ಇದೆ. ಫ್ರಾನ್ಸಿನ ಮಾರ್ಸೆ ಹತ್ತಿರದ ಕಲಾಂಕ್ ಬೆಟ್ಟಗಳಿಗೆ ಜೂನ್ 1ರಿಂದ ಸೆಪ್ಟೆಂಬರ್ 30ರ ತನಕ ಬೆಂಕಿಯ ಅಪಾಯ ನೋಡಿಕೊಂಡು ದಿನದಿನವೂ ಪ್ರವೇಶ ತೀರ್ಮಾನವಾಗುತ್ತದೆ. ಇಲ್ಲಿಂದ ಹೋದವರು ಗೇಟಿನಲ್ಲಿ ನಿಂತು ವಾಪಸ್ ಬರಬೇಕಾಗಬಹುದು. ಅಕ್ಟೋಬರ್ ಕೊನೆಯೂ ಪೂರ್ತಿ ಸುರಕ್ಷಿತವಲ್ಲ. 2011ರ ಅಕ್ಟೋಬರ್ 25ರಂದು ಸುರಿದ ಮಳೆಗೆ ಚಿಂಕ್ವೆ ತೆರ್ರೆಯ ವೆರ್ನಾಸ್ಸಾ, ಮೊಂತೆರೊಸ್ಸೊ ಊರುಗಳ ಬೀದಿಗಳಲ್ಲಿ ಕೆಸರಿನ ಪ್ರವಾಹವೇ ಬಂದಿತ್ತು.

ಸ್ಪೇನಿನ ಕಮಿನೊ ಎಂಬ ಹಳೆಯ ಯಾತ್ರೆಯ ಕಾಲುದಾರಿ ಬಗ್ಗೆ ಬೇರೆಯೇ ಹೇಳಬೇಕು, ಏಕೆಂದರೆ ಇದು ಒಂದೇ ದಾರಿಯಾದರೂ ಮೂರು ಹವಾಮಾನ. ಫ್ರಾನ್ಸಿನ ಸೇಂಟ್ ಜಾನ್ ಪಿಯೆ ದ ಪೋರ್‌ನಿಂದ ಸಾಂತಿಯಾಗೊಗೆ ಸುಮಾರು 780 ಕಿ.ಮೀ. ಮೊದಲ ದಿನವೇ ಪಿರೆನೀಸ್ ಬೆಟ್ಟಸಾಲು ದಾಟಬೇಕು. ಅಲ್ಲಿನ ನೆಪೋಲಿಯನ್ ದಾರಿಯನ್ನು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಿರುತ್ತಾರೆ, ಆಗ ಕೆಳಗಿನ ಕಣಿವೆ ದಾರಿಯೇ ಗತಿ. ನಡುವಿನ ಮೆಸೇಟಾ ಬಯಲಲ್ಲಿ ಬೇಸಿಗೆಗೆ ನೆರಳೇ ಇಲ್ಲ. ಕೊನೆಯ ಗಲೀಸಿಯಾದಲ್ಲಿ ಯಾವಾಗ ಬೇಕಾದರೂ ಮಳೆ. ಮೂರಕ್ಕೂ ಹೊಂದುವುದು ಏಪ್ರಿಲ್ ಕೊನೆಯಿಂದ ಜೂನ್ ಮಧ್ಯ, ಇಲ್ಲವೇ ಸೆಪ್ಟೆಂಬರ್. ರಜೆ ಒಂದೇ ವಾರ ಇದ್ದರೆ ಸಾರಿಯಾದಿಂದ ಕೊನೆಯ ಸುಮಾರು 115 ಕಿ.ಮೀ. ನಡೆಯಬಹುದು. ಆಗ ಮೇ ರಜೆ ಚೆನ್ನಾಗಿ ಹೊಂದುತ್ತದೆ, ಒಂದು ಮಳೆ ಅಂಗಿ ಇದ್ದರೆ ಆಯಿತು.

ಆಲ್ಪ್ಸ್ ಮತ್ತು ಇಟಲಿಯ ಉತ್ತರದಲ್ಲಿರುವ ಡೊಲೊಮೈಟ್ಸ್ ಬೆಟ್ಟಗಳು. ಬೇಸಿಗೆ ಅಂದರೆ ಒಣ ಕಾಲ ಎಂದು ನಂಬಿ ಹೋಗಬೇಡಿ. ಆಲ್ಪ್ಸ್‌ನ ಉತ್ತರ ಭಾಗದಲ್ಲಿ ಮಳೆ ಹೆಚ್ಚು ಬೀಳುವುದೇ ಬೇಸಿಗೆಯಲ್ಲಿ. ಹೂವು ಬೇಕಾದರೆ ಜುಲೈ. ಬರೀ ನಡಿಗೆಗೆ ನನ್ನ ಆಯ್ಕೆ ಸೆಪ್ಟೆಂಬರಿನ ಮೊದಲ ಎರಡು ವಾರ. ಗುಡುಗು ಕಡಿಮೆ, ಜನ ಕಡಿಮೆ, ಹಿಮ ಪೂರ್ತಿ ಕರಗಿರುತ್ತದೆ. ಆದರೆ ಒಂದು ದಿನ ಇದ್ದಕ್ಕಿದ್ದಂತೆ ಹೊಸ ಹಿಮ ಬೀಳುವ ಸಾಧ್ಯತೆ ಇದ್ದೇ ಇದೆ, ಅದಕ್ಕೆ ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಿ. ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯ ಲಾರ್ಚ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ದಸರಾ ರಜೆ ತಡವಾಗಿ ಬಂದ ವರ್ಷ ಇದನ್ನು ನೋಡಲು ಹೋಗಬಹುದು, ಎತ್ತರದ ಪಾಸ್‌ಗಳ ಆಸೆ ಬಿಟ್ಟು.

ಬ್ರಿಟನ್. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಸೀಥ್‌ವೇಟ್‌ನಲ್ಲಿ ಅದರ ಅರ್ಧದಷ್ಟು. ಆದರೆ ಆಗುಂಬೆಯದ್ದು ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಸೀಥ್‌ವೇಟ್‌ನದ್ದು ವರ್ಷವಿಡೀ ಹರಡಿಕೊಂಡಿರುತ್ತದೆ. ಅಲ್ಲಿ ಒಣ ಕಾಲ ಅಂತ ಇಲ್ಲ, ಸ್ವಲ್ಪ ಕಡಿಮೆ ಒದ್ದೆಯಾದ ಕಾಲ ಇದೆ: ಏಪ್ರಿಲ್‌ನಿಂದ ಜೂನ್. ಸ್ಕಾಟ್ಲೆಂಡಿನ 154 ಕಿ.ಮೀ. ವೆಸ್ಟ್ ಹೈಲ್ಯಾಂಡ್ ವೇಗೆ ಮೇ ತಿಂಗಳೇ ಸರಿ. ಜೂನ್‌ನಿಂದ ಆಗಸ್ಟ್ ತನಕ ಮಿಜ್ ಎಂಬ ಸಣ್ಣ ಕಚ್ಚುವ ನೊಣಗಳ ಕಾಟ. ಗಾಳಿ ನಿಂತ ಸಂಜೆ ಹಿಂಡುಹಿಂಡಾಗಿ ಮುಖಕ್ಕೆ ಮುತ್ತುತ್ತವೆ.

ಉತ್ತರದ ನಾಡುಗಳು. ನಾರ್ವೆ, ಸ್ವೀಡನ್, ಐಸ್‌ಲ್ಯಾಂಡ್‌ಗೆ ಜುಲೈ-ಆಗಸ್ಟ್ ಬಿಟ್ಟರೆ ಹೆಚ್ಚು ಆಯ್ಕೆ ಇಲ್ಲ. ಐಸ್‌ಲ್ಯಾಂಡಿನ ಸುಮಾರು 55 ಕಿ.ಮೀ. ಲೌಗಾವೆಗುರ್ ದಾರಿ ಜೂನ್ ಕೊನೆಗೆ ತೆರೆದು ಸೆಪ್ಟೆಂಬರ್ ಮಧ್ಯಕ್ಕೆ ಮುಗಿಯುತ್ತದೆ. ನಾರ್ವೆಯ ಟ್ರೋಲ್‌ಟುಂಗಾ ಬಂಡೆಗೆ ಗೈಡ್ ಇಲ್ಲದೆ ಹೋಗುವ ಕಾಲ ಜೂನ್‌ನಿಂದ ಸೆಪ್ಟೆಂಬರ್. ಸ್ವೀಡನ್ನಿನ ಕುಂಗ್ಸ್‌ಲೇಡನ್ ದಾರಿಯಲ್ಲಿ ಜುಲೈ ಪೂರ್ತಿ ಸೊಳ್ಳೆ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಸೊಳ್ಳೆ ಹೋಗಿ ಗಿಡಗಳು ಕೆಂಪು-ಹಳದಿ ಆಗಿರುತ್ತವೆ, ಆಗ ಹೋಗಿ.

ಹಂತ 4: ತೆರೆಯುವ, ಮುಚ್ಚುವ ತಾರೀಖು ಬರೆದುಕೊಳ್ಳಿ

ಹವಾಮಾನ ಚೆನ್ನಾಗಿದ್ದರೂ ಮಲಗಲು ಜಾಗ ಇಲ್ಲದಿದ್ದರೆ ದಾರಿ ನಡೆಯಲಾಗುವುದಿಲ್ಲ. ಬೆಟ್ಟದ ಮೇಲೆ ಊಟ, ಹಾಸಿಗೆ ಕೊಡುವ ವಸತಿಗಳಿಗೆ ಹಟ್ ಅನ್ನುತ್ತಾರೆ. ಡೊಲೊಮೈಟ್ಸ್‌ನ ಆಲ್ತಾ ವಿಯಾ 1 ದಾರಿಯ ಹಟ್‌ಗಳು ಹೆಚ್ಚಾಗಿ ಜೂನ್ 20ರ ಸುಮಾರಿಗೆ ತೆರೆದು ಸೆಪ್ಟೆಂಬರ್ 20ರ ಸುಮಾರಿಗೆ ಮುಚ್ಚುತ್ತವೆ. ಒಂದೊಂದಕ್ಕೂ ತಾರೀಖು ಬೇರೆ, ವರ್ಷವರ್ಷಕ್ಕೂ ಬೇರೆ.

ಹಾಳೆಯಲ್ಲಿ ಪ್ರತಿ ರಾತ್ರಿಗೂ ಒಂದು ಸಾಲು ಬರೆಯಿರಿ: ಎಲ್ಲಿ ಮಲಗುತ್ತೀರಿ, ಅದು ಯಾವಾಗ ತೆರೆಯುತ್ತದೆ. ಕೇಬಲ್ ಕಾರ್ ಬಳಸುವುದಾದರೆ ಅದಕ್ಕೂ ಒಂದು ಸಾಲು. ಸ್ಕೀ ಕಾಲ ಮುಗಿದು ಬೇಸಿಗೆ ಶುರುವಾಗುವ ಮುನ್ನ ಅಂದರೆ ಏಪ್ರಿಲ್ ಕೊನೆ ಮತ್ತು ಮೇನಲ್ಲಿ, ಮತ್ತೆ ನವೆಂಬರಿನಲ್ಲಿ ಅವುಗಳಲ್ಲಿ ಹಲವು ರಿಪೇರಿಗೆ ನಿಲ್ಲುತ್ತವೆ. ಎತ್ತರದ ಪಾಸ್ ದಾಟುವ ಬಸ್ಸುಗಳು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ.

ಹಾಳೆಯಲ್ಲಿ ಎಲ್ಲಕ್ಕಿಂತ ತಡವಾಗಿ ತೆರೆಯುವುದೇ ನಿಮ್ಮ ಶುರುವಿನ ತಾರೀಖು. ಅದಕ್ಕೆ ಒಂದು ವಾರ ಸೇರಿಸಿ. ಹಟ್ ತೆರೆದ ಮೊದಲ ದಿನವೇ ದಾರಿಯಲ್ಲಿ ಹಿಮ ಇರುವುದಿಲ್ಲ ಎಂದು ಯಾರೂ ಮಾತು ಕೊಟ್ಟಿಲ್ಲ.

ಹಂತ 5: ಹಗಲಿನ ಉದ್ದ ಮತ್ತು ಗುಡುಗಿನ ಹೊತ್ತು

ಬೆಂಗಳೂರಿನಲ್ಲಿ ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆ, ಹಾಗಾಗಿ ನಾವು ಇದನ್ನು ಯೋಚಿಸುವುದೇ ಇಲ್ಲ. ಎಡಿನ್‌ಬರೋದಲ್ಲಿ ಜೂನ್ ಹಗಲು ಹದಿನೇಳೂವರೆ ಗಂಟೆ, ಡಿಸೆಂಬರ್ ಹಗಲು ಏಳು. ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನ ಹೆಚ್ಚಿನ ದೇಶಗಳು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತವೆ. ಶನಿವಾರ ಆರಕ್ಕೆ ಮುಳುಗಿದ ಸೂರ್ಯ ಭಾನುವಾರ ಐದಕ್ಕೆ ಮುಳುಗುತ್ತಾನೆ. ಅಕ್ಟೋಬರ್ ಕೊನೆಯಲ್ಲಿ ಹೋಗುವವರು ದಿನಕ್ಕೆ ಐದು ಗಂಟೆ ನಡಿಗೆಗಿಂತ ಜಾಸ್ತಿ ಹಾಕಿಕೊಳ್ಳಬೇಡಿ. ಹೆಡ್‌ಲ್ಯಾಂಪ್ ಚೀಲದಲ್ಲಿರಲಿ.

ಜುಲೈ-ಆಗಸ್ಟಿನ ಆಲ್ಪ್ಸ್‌ನಲ್ಲಿ ಬೆಳಿಗ್ಗೆ ನಿರ್ಮಲ ಆಕಾಶ, ಮಧ್ಯಾಹ್ನದ ಮೇಲೆ ಗುಡುಗು ಅನ್ನುವ ದಿನಗಳು ಬಹಳ. ಏಳಕ್ಕೆ ಹೊರಟು ಮಧ್ಯಾಹ್ನ ಹನ್ನೆರಡರೊಳಗೆ ಪಾಸ್ ದಾಟುವ ಲೆಕ್ಕ ಹಾಕಿ. ‘ರಜೆಯಲ್ಲೂ ಬೇಗ ಏಳಬೇಕಾ’ ಅನ್ನುವವರು ಮನೆಯಲ್ಲಿದ್ದರೆ ಸೆಪ್ಟೆಂಬರ್ ಆರಿಸಿ. ಅಥವಾ ಕಣಿವೆಯ ದಾರಿಗಳನ್ನೇ ಹಿಡಿಯಿರಿ.

ಹಂತ 6: ಜನಜಂಗುಳಿ ನೋಡಿಕೊಳ್ಳಿ

ಜುಲೈ ಕೊನೆಯಿಂದ ಆಗಸ್ಟ್ 20ರ ತನಕ ಯುರೋಪಿನವರದ್ದೇ ರಜೆ. ಆಗಸ್ಟ್ 15 ಫ್ರಾನ್ಸ್, ಇಟಲಿ, ಸ್ಪೇನಿನಲ್ಲಿ ಸಾರ್ವಜನಿಕ ರಜೆ, ಅದರ ಆಚೀಚೆಯ ವಾರ ಹಟ್‌ಗಳು ತುಂಬಿರುತ್ತವೆ. ಮಾಂಟ್ ಬ್ಲಾಂಕ್ ದಾರಿಯಂಥ ಜನಪ್ರಿಯ ಕಡೆ ಹಿಂದಿನ ಚಳಿಗಾಲದಲ್ಲೇ ಹಾಸಿಗೆ ಕಾಯ್ದಿರಿಸಬೇಕು. ‘ಹೋಗಿ ನೋಡಿಕೊಳ್ಳೋಣ’ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಹಟ್‌ಗೆ ಬುಕ್ ಮಾಡುವಾಗಲೇ ಸಸ್ಯಾಹಾರ ಎಂದು ಬರೆಯಿರಿ, ಮೊಟ್ಟೆಯೂ ಬೇಡವಾದರೆ ಅದನ್ನು ಬೇರೆಯಾಗಿ ಬರೆಯಿರಿ.

ತಿಂಗಳು ಗಟ್ಟಿ ಇರುವವರಿಗೆ ಚಿಕ್ಕ ದಾರಿ

ಏಪ್ರಿಲ್-ಮೇ ರಜೆಯವರಿಗೆ: ಜಿನೀವಾ ಸರೋವರದ ದಂಡೆಯ ಲಾವೋ ದ್ರಾಕ್ಷಿ ತೋಟಗಳ ದಾರಿ, ಜರ್ಮನಿಯ ರೈನ್ ಮತ್ತು ಮೊಸೆಲ್ ನದಿ ದಂಡೆ, ಮಯೋರ್ಕಾ, ಅಮಾಲ್ಫಿ, ಕಮಿನೊದ ಕೊನೆಯ ಭಾಗ. ಸ್ವಿಟ್ಜರ್ಲೆಂಡೇ ಆಗಬೇಕು ಅಂದರೆ ಲೌಟರ್‌ಬ್ರುನೆನ್ ಕಣಿವೆಯ ತಳದಲ್ಲಿ ನಡೆಯಿರಿ. ಹಿಮ ಕರಗುವ ಆ ಕಾಲಕ್ಕೆ ಜಲಪಾತಗಳು ತುಂಬಿ ಧುಮುಕುತ್ತಿರುತ್ತವೆ, ಹಿಮದ ಶಿಖರ ಕೆಳಗಿನಿಂದಲೇ ಕಾಣುತ್ತದೆ.

ದಸರಾ ರಜೆಯವರಿಗೆ ಮೆಡಿಟರೇನಿಯನ್ ತೀರ. ಡಿಸೆಂಬರಿನವರಿಗೆ ಮಡೀರಾ ಮತ್ತು ಕ್ಯಾನರಿ ದ್ವೀಪಗಳು ಬಿಟ್ಟರೆ ಹೇಳಿಕೊಳ್ಳುವಂಥದ್ದು ಕಡಿಮೆ. ಮಡೀರಾದ ಲೆವಾಡಾ ಅಂದರೆ ಬೆಟ್ಟದ ಪಕ್ಕೆಯಲ್ಲಿ ತೋಡಿದ ನೀರಿನ ಕಾಲುವೆ. ಅದರ ಅಂಚಿನಲ್ಲೇ ಸಮತಟ್ಟಾಗಿ ನಡೆಯುವುದು. ಚಳಿಗಾಲದ ಮಳೆಗೆ ಕೆಲವು ಕಡೆ ಮಣ್ಣು ಕುಸಿದು ದಾರಿ ಮುಚ್ಚುತ್ತಾರೆ, ಹೊರಡುವ ಮುನ್ನ ಆ ದಿನದ ಪಟ್ಟಿ ನೋಡಿ.

ಹಂತ 7: ವೀಸಾ, ವಿಮೆ, ಆಮೇಲೆ ಟಿಕೆಟ್

ಯುರೋಪಿನ ಹೆಚ್ಚಿನ ದೇಶಗಳಿಗೆ ಸೇರಿ ಒಂದೇ ಆಗಿರುವ ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ, ಆದರೆ ಅದನ್ನು ನಂಬಿ ಕೂರಬೇಡಿ. ಬೇಸಿಗೆ ರಜೆಯ ಮುನ್ನ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ದಾರಿ ಎರಡು-ಮೂರು ದೇಶ ಮುಟ್ಟಿದರೆ ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ. ಲೆಕ್ಕ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಬ್ರಿಟನ್, ಐರ್ಲೆಂಡ್ ಈ ವೀಸಾದಲ್ಲಿ ಬರುವುದಿಲ್ಲ.

ವೀಸಾಗೆಂದು ಮಾಡಿಸುವ 30,000 ಯೂರೋ ವಿಮೆಯಲ್ಲಿ ಬೆಟ್ಟದ ಮೇಲಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಸೇರಿದೆಯೇ? ಎಷ್ಟು ಎತ್ತರದ ತನಕ? ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಕೂತು ಓದಿ. ಕ್ರಮ ಹೀಗಿರಲಿ: ರದ್ದು ಮಾಡಬಹುದಾದ ವಸತಿ ಮೊದಲು, ವೀಸಾ ನಂತರ, ಹಣ ವಾಪಸ್ ಬರದ ಟಿಕೆಟ್ ಕೊನೆಗೆ.

ಹಂತ 8: ಹೊರಡುವ ಎರಡು ವಾರ ಮುಂಚೆ ಮತ್ತೆ ನೋಡಿ

ವೆಬ್‌ಕ್ಯಾಮ್ ತೆರೆಯಿರಿ. ಪಾಸ್ ಬಿಳಿಯಾಗಿ ಕಂಡರೆ ಹಟ್‌ಗೆ ಒಂದು ಇಮೇಲ್ ಹಾಕಿ ‘ದಾರಿ ಹೇಗಿದೆ, ಉಕ್ಕಿನ ಮುಳ್ಳು ಬೇಕಾ’ ಎಂದು ಕೇಳಿ. ದಿನವೂ ಆ ದಾರಿ ನೋಡುವವರು ಅವರು, ಅವರ ಮಾತಿಗೆ ಬೆಲೆ ಕೊಡಿ. ಇದೇ ಹೊತ್ತಿಗೆ ಕಡಿಮೆ ಎತ್ತರದ ಇನ್ನೊಂದು ದಾರಿಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಹತ್ತು ದಿನದ ಮುನ್ಸೂಚನೆ ನೋಡಿ ತಲೆ ಕೆಡಿಸಿಕೊಳ್ಳುವುದು ಸುಮ್ನೆ. ಬೆಟ್ಟದಲ್ಲಿ ಕೆಲಸಕ್ಕೆ ಬರುವುದು ಮೂರು ದಿನದ್ದು, ಅದರಲ್ಲೂ ಹಿಂದಿನ ಸಂಜೆಯದ್ದು.

ದಾರಿಯಲ್ಲಿ ಈ ಲಕ್ಷಣ ಕಂಡರೆ ತಿರುಗಿ

ಕಡಿದಾದ ಹಿಮದ ಪಟ್ಟಿ, ಅದರ ಮೇಲೆ ಯಾರ ಹೆಜ್ಜೆ ಗುರುತೂ ಇಲ್ಲ: ಮೊದಲಿಗರಾಗುವ ಹುಮ್ಮಸ್ಸು ಬೇಡ. ಹತ್ತು ಗಂಟೆಗೇ ಮೋಡಗಳು ಹೂಕೋಸಿನಂತೆ ಮೇಲಕ್ಕೆ ಉಬ್ಬುತ್ತಿದ್ದರೆ ಗುಡುಗು ಬೇಗ ಬರುತ್ತದೆ. ಬೆಟ್ಟದ ನೆತ್ತಿ, ಒಂಟಿ ಮರ, ಕಬ್ಬಿಣದ ಏಣಿ ಇವುಗಳಿಂದ ದೂರ ಇಳಿಯಿರಿ. ಐಸ್‌ಲ್ಯಾಂಡ್, ನಾರ್ವೆಯಲ್ಲಿ ಸೇತುವೆ ಇಲ್ಲದ ಹೊಳೆ ಬೆಳಿಗ್ಗೆ ಮೊಣಕಾಲಿನವರೆಗೆ ಇದ್ದದ್ದು ಹಿಮ ಕರಗಿ ಸಂಜೆ ಹೊತ್ತಿಗೆ ತೊಡೆಯವರೆಗೆ ಏರಿರಬಹುದು. ಮರುದಿನ ಮುಂಜಾನೆ ದಾಟಿ. ದಕ್ಷಿಣದ ಬಿಸಿಲಲ್ಲಿ ಬೆವರು ನಿಂತು ತಲೆ ಸುತ್ತಿದರೆ, ಮಾತು ತೊದಲಿದರೆ ಅದು ಸುಸ್ತಲ್ಲ, ಬಿಸಿಲಿನ ಹೊಡೆತ. ನೆರಳಿಗೆ ಕರೆದುಕೊಂಡು ಹೋಗಿ ಮೈ ಒದ್ದೆ ಮಾಡಿ, ಸಹಾಯಕ್ಕೆ ಕರೆ ಮಾಡಿ.

ತುರ್ತಿಗೆ ಈ ದೇಶಗಳಲ್ಲೆಲ್ಲ 112. ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ 1414. ಎರಡನ್ನೂ ಜೊತೆಗಿರುವ ಎಲ್ಲರ ಫೋನಿನಲ್ಲೂ ಹಾಕಿಸಿ, ನಕ್ಷೆಯ ಆ್ಯಪ್‌ನಲ್ಲಿ ತಾವಿರುವ ಜಾಗದ ಅಂಕಿ ಓದಿ ಹೇಳುವುದು ಹೇಗೆಂದು ಮಕ್ಕಳಿಗೂ ಮನೆಯಲ್ಲೇ ತೋರಿಸಿಕೊಡಿ.